ಮೇಲೆ ಎಂದರೆ ಯಾವ ಕಡೆ ಎಂದು ನಿರ್ಧರಿಸಿದ ಮಹನೀಯರಿಗೆ

ಮಾನ್ಯರೇ,

ತಮಗೂ ತಮ್ಮ ಎರಡೂ ಕೈಗಳಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಬೆರಳುಗಳು ಇಂದಿಗೂ ಬೇಕಾದ ಗುಂಡಿಯ ಮೇಲೆಯೇ ಬೀಳುತ್ತಿವೆಯೆಂದೂ ನಂಬಿದ್ದೇನೆ. ವಿಡಿಯೋ ಗೇಮಿನ ಕೋಲನ್ನು ಎಡಗೈಗೆ ಒಪ್ಪಿಸಿದವರು, ಅದನ್ನು ಮುಂದಕ್ಕೆ ತಳ್ಳಿದರೆ ಪರದೆಯ ಮೇಲಿನದು ಮೇಲಕ್ಕೆ ಹೋಗತಕ್ಕದ್ದು ಎಂದು ಅಪ್ಪಣೆ ಮಾಡಿದವರು, ಕೀಬೋರ್ಡಿನ ಅಷ್ಟೂ ಅಕ್ಷರಗಳಲ್ಲಿ ಡಬ್ಲ್ಯು, ಎ, ಎಸ್, ಡಿ ಎಂಬ ನಾಲ್ಕನ್ನೇ ಆರಿಸಿ ನಾಲ್ಕು ದಿಕ್ಕುಗಳಿಗೆ ಪಟ್ಟ ಕಟ್ಟಿದವರು ತಾವೇ ಎಂದು ತಿಳಿದು ಬರೆಯುತ್ತಿದ್ದೇನೆ. ತಾವು ಒಬ್ಬರೋ, ಮೂವರೋ, ಒಂದು ಸಮಿತಿಯೋ ನನಗೆ ಗೊತ್ತಿಲ್ಲ. ತಮ್ಮ ವಿಳಾಸ ಹುಡುಕಿ ಸೋತ ಮೇಲೆಯೇ ಈ ಪತ್ರವನ್ನು ಬಹಿರಂಗವಾಗಿ ಬರೆಯುವ ಉದ್ಧಟತನಕ್ಕೆ ಇಳಿದಿದ್ದೇನೆ, ಕ್ಷಮೆಯಿರಲಿ.

ನಾನು ಬಂದರಿನಲ್ಲಿ ಕ್ರೇನು ನಡೆಸುವವಳು. ಹಡಗಿನಿಂದ ಕಂಟೇನರ್ ಎಂಬ ಕಬ್ಬಿಣದ ದೊಡ್ಡ ಪೆಟ್ಟಿಗೆಗಳನ್ನು ಎತ್ತಿ ಲಾರಿಯ ಮೇಲಿಡುವುದು ನನ್ನ ಉದ್ಯೋಗ. ಮೂರನೇ ನಂಬರಿನ ಕ್ರೇನಿನ ನೆತ್ತಿಯಲ್ಲಿ, ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿದರೆ ಸಿಗುವ ಗಾಜಿನ ಗೂಡಿನೊಳಗೆ, ಒಂದು ಕುರ್ಚಿಯ ಮೇಲೆ ಇಪ್ಪತ್ತನಾಲ್ಕು ವರ್ಷ ಕೂತಿದ್ದೇನೆ. ಗೂಡಿನ ನೆಲವೂ ಗಾಜಿನದೇ. ಕಾಲ ಕೆಳಗೆ ಪೆಟ್ಟಿಗೆ, ಪೆಟ್ಟಿಗೆಯ ಕೆಳಗೆ ಲಾರಿ, ಲಾರಿಯ ಪಕ್ಕದಲ್ಲಿ ಇರುವೆಯಷ್ಟು ಕಾಣುವ ಸೀಟಿಯಪ್ಪ. ಇವರು ನೆಲದ ಮೇಲೆ ನಿಂತು ಕೈಸನ್ನೆಯಿಂದಲೂ ಸೀಟಿಯಿಂದಲೂ ನನಗೆ ದಾರಿ ತೋರಿಸುವವರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ನನ್ನ ಬಲಗೈಯಲ್ಲಿ ಎತ್ತುವ ಇಳಿಸುವ ಲಿವರ್, ಎಡಗೈಯಲ್ಲಿ ಆಚೆ ಈಚೆ ಸರಿಸುವ ಲಿವರ್. ಬಲಗೈಯ ಲಿವರನ್ನು ನನ್ನ ಕಡೆಗೆ ಎಳೆದುಕೊಂಡರೆ ಪೆಟ್ಟಿಗೆ ಮೇಲಕ್ಕೆ ಬರುತ್ತಿತ್ತು, ಮುಂದಕ್ಕೆ ತಳ್ಳಿದರೆ ಕೆಳಕ್ಕೆ ಹೋಗುತ್ತಿತ್ತು. ಇದರಲ್ಲಿ ಏನಾದರೂ ವಿಚಿತ್ರವಿದೆಯೆಂದು ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆಯಲಿಲ್ಲ. ಬಾವಿಯಿಂದ ನೀರು ಸೇದುವವರು ಹಗ್ಗವನ್ನು ತಮ್ಮ ಕಡೆಗೇ ಎಳೆದುಕೊಳ್ಳುವುದನ್ನು ನೋಡಿ ಬೆಳೆದ ದಡ್ಡಿ ನಾನು; ತಮ್ಮ ಶಾಸ್ತ್ರ ಆಗಿನ್ನೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಹೋದ ವರ್ಷ ಕಚೇರಿಯವರು ನಮ್ಮ ಮೇಲೆ ಕರುಣೆ ತೋರಿದರು. ಇಷ್ಟು ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಸವೆಸಿಕೊಳ್ಳುವುದೇಕೆ, ಕೆಳಗೆ ತಣ್ಣನೆಯ ಕೋಣೆಯಲ್ಲಿ ಕೂತು ಪರದೆ ನೋಡಿಕೊಂಡು ಕ್ರೇನು ನಡೆಸಿ ಎಂದರು. ಕೋಣೆಯಲ್ಲಿ ನಾಲ್ಕು ಮೇಜು, ಪ್ರತಿ ಮೇಜಿಗೆ ಮೂರು ಪರದೆ, ಎಡಗಡೆಗೆ ಹೆಬ್ಬೆರಳು ಗಾತ್ರದ ಒಂದು ಜಾಯ್‌ಸ್ಟಿಕ್, ಬಲಗಡೆಗೆ ಬಣ್ಣಬಣ್ಣದ ಆರು ಗುಂಡಿ. ಜಾಯ್‌ಸ್ಟಿಕ್ ಕೈಕೊಟ್ಟರೆ ಇರಲಿ ಎಂದು ಒಂದು ಕೀಬೋರ್ಡ್, ಅದರಲ್ಲಿ ತಮ್ಮ ಪ್ರೀತಿಯ ನಾಲ್ಕು ಅಕ್ಷರಗಳ ಮೇಲೆ ಹಳದಿ ಕಾಗದ. ಇಪ್ಪತ್ತನಾಲ್ಕು ವರ್ಷ ಭಾರ ಎತ್ತಿದ ಬಲಗೈಗೆ ಗುಂಡಿ ಒತ್ತುವ ಕೆಲಸ, ಪಕ್ಕದಲ್ಲಿ ಸಹಾಯಕ್ಕಿದ್ದ ಎಡಗೈಗೆ ಯಜಮಾನಿಕೆ. ಅಷ್ಟೇ ಅಲ್ಲ, ಈಗ ಕೋಲನ್ನು ಮುಂದಕ್ಕೆ ತಳ್ಳಿದರೆ ಪೆಟ್ಟಿಗೆ ಮೇಲೆ, ಹಿಂದಕ್ಕೆ ಎಳೆದರೆ ಕೆಳಗೆ. ಹನ್ನೊಂದು ಜನ ಕ್ರೇನು ನಡೆಸುವವರೂ ಎರಡು ತಿಂಗಳಲ್ಲಿ ಇದನ್ನು ಕಲಿತು ಪರೀಕ್ಷೆಯಲ್ಲಿ ಪಾಸಾಗಬೇಕು, ಇಲ್ಲದಿದ್ದರೆ ಗೋದಾಮಿನಲ್ಲಿ ಚೀಟಿ ಅಂಟಿಸುವ ಕೆಲಸಕ್ಕೆ ಹೋಗಬೇಕು ಎಂದು ಆದೇಶವಾಯಿತು.

ನಮಗೆ ಕಲಿಸಲು ಯಂತ್ರದ ಕಂಪನಿಯಿಂದ ಒಬ್ಬ ತರಬೇತುದಾರರು ಬಂದರು. ಮೂವತ್ತೈದರ ಆಸುಪಾಸಿನ ಹೆಂಗಸು, ಬಹಳ ಸಭ್ಯರು, ಎರಡು ವಾಕ್ಯಕ್ಕೊಮ್ಮೆ ‘ಸಿಂಪಲ್’ ಎನ್ನುತ್ತಿದ್ದ ಕಾರಣ ಮೊದಲ ದಿನದ ಊಟದ ಹೊತ್ತಿಗೆ ಅವರು ಸಿಂಪಲ್ ಮೇಡಂ ಆಗಿದ್ದರು. ಅಭ್ಯಾಸದ ಪರದೆಯಲ್ಲಿ ನಾನು ಮೊದಲ ದಿನ ಏಳು ಪೆಟ್ಟಿಗೆಗಳನ್ನು ಏಳು ಲಾರಿಗಳ ನೆತ್ತಿಯ ಮೇಲೆ ಕುಕ್ಕಿದೆ. ಪ್ರತಿ ಸಲವೂ ಪರದೆಯ ಮೇಲೆ ಒಂದು ನಗುಮುಖ ಬಂದು ‘ಮತ್ತೆ ಪ್ರಯತ್ನಿಸಿ’ ಎನ್ನುತ್ತಿತ್ತು. ಲಾರಿಯೊಳಗಿದ್ದವರಿಗೂ ಮತ್ತೆ ಪ್ರಯತ್ನಿಸುವ ಅವಕಾಶವಿದೆಯೇ ಎಂದು ನಾನು ವಿಚಾರಿಸಿದ್ದಕ್ಕೆ, ಗಾಬರಿಯಾಗಬೇಡಿ, ಇದು ಪೂರಾ ಆಟದ ಥರವೇ, ಚಿಕ್ಕ ಮಕ್ಕಳಿಗೂ ಬರುತ್ತದೆ, ಸಿಂಪಲ್ ಎಂದರು. ಯಾಕೆ ಎಡಗೈ, ಯಾಕೆ ತಲೆಕೆಳಗು ಎಂದು ಕೇಳಿದೆ. ಮುಂದೆ ಈ ಕೆಲಸಕ್ಕೆ ಬರುವವರೆಲ್ಲ ಆಟವಾಡಿಯೇ ಬೆಳೆದಿರುತ್ತಾರೆ, ಅವರಿಗೆ ಕಲಿಸುವ ಖರ್ಚಿರುವುದಿಲ್ಲ, ಆದ್ದರಿಂದ ಆಟಗಳಲ್ಲಿ ಹೇಗಿದೆಯೋ ಹಾಗೆಯೇ ಮಾಡಲಾಗಿದೆ ಎಂದರು. ಆಟಗಳಲ್ಲಿ ಯಾಕೆ ಹಾಗಿದೆ ಎಂದು ಕೇಳಿದೆ. ಮೊದಲಿನಿಂದಲೂ ಹಾಗೇ ಇದೆಯಲ್ಲ ಎಂದರು. ತಮ್ಮನ್ನು ಹುಡುಕುವ ಹಂಬಲ ನನಗೆ ಹುಟ್ಟಿದ್ದು ಆ ಗಳಿಗೆಯಲ್ಲಿ.

ಪುಣ್ಯಕ್ಕೆ ನನಗೊಬ್ಬ ಅಣ್ಣನಿದ್ದಾನೆ. ಬಸ್ ನಿಲ್ದಾಣದ ಹಿಂದೆ ಹದಿನೆಂಟು ವರ್ಷ ವಿಡಿಯೋ ಗೇಮಿನ ಅಂಗಡಿ ನಡೆಸಿ, ಎಲ್ಲರ ಜೇಬಿಗೂ ಆಟ ಬಂದಮೇಲೆ ಅದನ್ನು ಮುಚ್ಚಿ, ಈಗ ಅದೇ ಅಂಗಡಿಯಲ್ಲಿ ಟೀವಿ ರಿಮೋಟುಗಳನ್ನೂ ಕೀಬೋರ್ಡುಗಳನ್ನೂ ರಿಪೇರಿ ಮಾಡುತ್ತಾನೆ. ಹಿಂದಿನ ಕೋಣೆಯಲ್ಲಿ ಹಳೆಯ ಬೆಡ್‌ಶೀಟ್ ಹೊದ್ದ ನಾಲ್ಕು ಪೆಟ್ಟಿಗೆ ಯಂತ್ರಗಳು ಇನ್ನೂ ಇವೆ. ಅತ್ತಿಗೆಯ ಬೈಗುಳ ತಿಂದರೂ ಅವನ್ನು ಮಾರಿಲ್ಲ. ನಾನು ಹೋಗಿ ವಿಷಯ ಹೇಳಿದಾಗ, ಬಹಳ ಕಾಲದಿಂದ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೊನೆಗೂ ಯಾರೋ ಕೇಳಿದರೆಂಬ ಮುಖಮಾಡಿ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟ.

ಅಣ್ಣ ಹೇಳುವ ಪ್ರಕಾರ ಮೊದಮೊದಲ ಯಂತ್ರಗಳಲ್ಲಿ ಕೋಲೇ ಇರಲಿಲ್ಲ. ತಿರುಗಿಸುವ ಗುಬುಟು ಇತ್ತು, ಇಲ್ಲವೇ ಎಡಕ್ಕೊಂದು ಬಲಕ್ಕೊಂದು ಗುಂಡಿ. ಕೋಲು ಬಂದಮೇಲೂ ಅದಕ್ಕೆ ಖಾಯಂ ಜಾಗವಿರಲಿಲ್ಲ. ಒಬ್ಬರು ನಡುವೆ ಇಟ್ಟು ಎರಡು ಪಕ್ಕಕ್ಕೂ ಗುಂಡಿ ಕೊಟ್ಟರು, ಇನ್ನೊಬ್ಬರು ಬಲಕ್ಕಿಟ್ಟರು. ಆಮೇಲೆ ಕೆಲವೇ ವರ್ಷಗಳಲ್ಲಿ ಎಲ್ಲರೂ ಮಾತಾಡಿಕೊಂಡವರಂತೆ ಎಡಕ್ಕೆ ಇಟ್ಟರು. ಬಲಗೈ ಚುರುಕು, ಗುಂಡಿಯನ್ನು ಟಪಟಪ ಒತ್ತಲಿ ಎಂದು ಹಾಗೆ ಮಾಡಿದರೆಂದು ಕೆಲವರು ಹೇಳುತ್ತಾರಂತೆ. ಆಟಗಾರ ಬೇಗ ಸೋತು ಜಾಗ ಬಿಡಲಿ ಎಂದು ಬೇಕೆಂತಲೇ ಎಡವಟ್ಟು ಕೈಗೆ ಕೊಟ್ಟರೆಂದು ಇನ್ನು ಕೆಲವರು ಹೇಳುತ್ತಾರಂತೆ. ಯಾವುದು ನಿಜವೋ ಅಣ್ಣನಿಗೂ ಗೊತ್ತಿಲ್ಲ. ಅಂಗಡಿ ನಡೆಸಿದವನಾದ್ದರಿಂದ ಎರಡನೆಯದನ್ನು ನಂಬಲು ಇಷ್ಟ ಎಂದ.

ಕೀಬೋರ್ಡಿನ ಕಥೆಯೂ ಇಷ್ಟೇ ಘನವಾದದ್ದು. ಅಕ್ಷರಗಳ ಸಾಲು ಟೈಪ್‌ರೈಟರ್‌ನಿಂದ ಬಂದದ್ದು, ಅದಕ್ಕೂ ದಿಕ್ಕುಗಳಿಗೂ ಸಂಬಂಧವೇ ಇಲ್ಲ. ಹಳೆಯ ಕಂಪ್ಯೂಟರುಗಳಲ್ಲಿ ಬಾಣದ ಗುಂಡಿ ಇಲ್ಲದಿದ್ದಾಗ ಆಟ ಬರೆದವರು ತಮ್ಮ ಬೆರಳಿಗೆ ಹತ್ತಿರ ಸಿಕ್ಕ ಅಕ್ಷರಗಳನ್ನು ಹಿಡಿದುಕೊಂಡರು. ಬಾಣದ ಗುಂಡಿಗಳು ಬಂದವು, ಆದರೆ ಬಲಗಡೆಗೆ ಬಂದವು. ಅಷ್ಟರಲ್ಲಿ ಮೌಸ್ ಬಂದು ಬಲಗೈಯನ್ನು ಆಕ್ರಮಿಸಿಕೊಂಡಿತು. ಎಡಗೈ ದೇಹದ ಮುಂದೆ ಅಡ್ಡ ಹಾಯ್ದು ಬಾಣದವರೆಗೆ ಹೋಗಲಾರದೆ ತನ್ನ ಕಡೆಯಲ್ಲೇ ಬಾಣದ ಆಕಾರವಿರುವ ನಾಲ್ಕು ಅಕ್ಷರ ಹುಡುಕಿಕೊಂಡಿತು. ಆಗಲೂ ಒಬ್ಬೊಬ್ಬರದು ಒಂದೊಂದು ಸಾಲು. ಕೊನೆಗೆ ಪಂದ್ಯದ ಮೇಲೆ ಪಂದ್ಯ ಗೆದ್ದ ಆಟಗಾರನೊಬ್ಬನ ಕೈ ಎಲ್ಲಿತ್ತೋ ಅಲ್ಲೇ ಎಲ್ಲರೂ ಕೈಯಿಟ್ಟರು, ಆಟ ತಯಾರಿಸುವವರೂ ಅದನ್ನೇ ಆಟದೊಳಗೆ ಬರೆದು ಕಳಿಸಿದರು. ಒಬ್ಬರ ಅನುಕೂಲ ಇನ್ನೊಬ್ಬರ ಅಭ್ಯಾಸವಾಗಿ, ಅಭ್ಯಾಸ ನಿಯಮವಾಗಿ, ನಿಯಮ ನಮ್ಮ ಬಂದರಿನ ಆದೇಶವಾಗಿ ಬಂದಿಳಿದ ಈ ಪರಿಯನ್ನು ಕೇಳಿ ನಾನು ತಮ್ಮ ಬಗ್ಗೆ ಇನ್ನಷ್ಟು ಭಕ್ತಿಯುಳ್ಳವಳಾದೆ. ಯಾರೂ ಹುಟ್ಟುಹಾಕದೆ ಹುಟ್ಟಿ ಎಲ್ಲರನ್ನೂ ಆಳುವುದು ಸಾಮಾನ್ಯರಿಗೆ ಸಾಧ್ಯವೇ?

ಆದರೂ ತಲೆಕೆಳಗಿನ ಪ್ರಶ್ನೆ ಉಳಿದಿತ್ತು. ಅಣ್ಣ ಒಂದು ಯಂತ್ರದ ಬೆಡ್‌ಶೀಟ್ ಎಳೆದು ವಿಮಾನ ಹಾರಿಸುವ ಆಟ ಹಾಕಿದ. ನಾನು ಕೋಲನ್ನು ಎಳೆದೆ, ವಿಮಾನ ಮೇಲಕ್ಕೆ ಹೋಯಿತು. ನಿಜವಾದ ವಿಮಾನದಲ್ಲೂ ಕೋಲನ್ನು ಹಿಂದಕ್ಕೆ ಎಳೆದರೇ ಮೂಗು ಏಳುವುದು, ಅದಕ್ಕೇ ಇಂಥ ಆಟಗಳಲ್ಲಿ ‘ಉಲ್ಟಾ’ ಎಂದು ಒಂದು ಗುರುತು ಹಾಕಿಕೊಳ್ಳುವ ವ್ಯವಸ್ಥೆ ಇರುತ್ತದೆ, ಬೇಕಾದವರು ಬೇಕಾದಂತೆ ಮಾಡಿಕೊಳ್ಳುತ್ತಾರೆ ಎಂದು ವಿವರಿಸಿದ. ಅರ್ಧ ಗಂಟೆ ಆಡಿದೆ. ಒಂದು ಸಲವೂ ಬೀಳಲಿಲ್ಲ. ಅಣ್ಣ ಸ್ಟೂಲಿನ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದವನು ಹೇಳಿದ: “ನಿನ್ನ ಕೈ ಸರಿಯಾಗಿದೆ ಕಣೇ. ನೀನು ಯಂತ್ರ ನಡೆಸ್ತೀಯ, ಆಟದವರು ಚಿತ್ರ ನಡೆಸ್ತಾರೆ. ಅಷ್ಟೇ ವ್ಯತ್ಯಾಸ.”

ಆ ಮಾತಿನ ಧೈರ್ಯದಲ್ಲಿ ನಾನು ಕಚೇರಿಗೆ ಒಂದು ಅರ್ಜಿ ಬರೆದೆ. ಎಡಗೈಯನ್ನು ಹೇಗೋ ಒಪ್ಪಿಸಿಕೊಳ್ಳುತ್ತೇನೆ, ನನ್ನ ಮೇಜಿನ ಜಾಯ್‌ಸ್ಟಿಕ್ಕಿಗೂ ಉಲ್ಟಾ ಗುರುತಿನ ಸೌಲಭ್ಯವೊಂದನ್ನು ದಯಪಾಲಿಸಬೇಕೆಂದು ಬೇಡಿಕೊಂಡೆ. ಮೂರು ವಾರಗಳ ನಂತರ ಮೊಹರು ಸಮೇತ ಉತ್ತರ ಬಂತು: “ಸದರಿ ಸೌಲಭ್ಯವು ಆಟಗಳಿಗೆ ಮಾತ್ರ ಸೂಕ್ತವಾದದ್ದು. ಕ್ರೇನು ನಡೆಸುವುದು ಆಟವಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.” ಕಲಿಯುವಾಗ ಆಟ, ಕೇಳುವಾಗ ಆಟವಲ್ಲ. ಇಷ್ಟು ಚೊಕ್ಕವಾದ ತರ್ಕವನ್ನು ತಮ್ಮ ಪರಂಪರೆಯವರಲ್ಲದೆ ಬೇರೆ ಯಾರೂ ಬರೆಯಲಾರರು ಎಂದು ಆ ಕಾಗದವನ್ನು ಕಣ್ಣಿಗೊತ್ತಿಕೊಂಡೆ.

ಹೀಗೆ ದಾರಿ ಮುಚ್ಚಿದ ಮೇಲೆ ಕಲಿಯುವುದೊಂದೇ ಉಳಿಯಿತು. ಪ್ರತಿ ಮಧ್ಯಾಹ್ನ ಪಾಳಿ ಮುಗಿಸಿ ಅಣ್ಣನ ಅಂಗಡಿಗೆ ಹೋಗಿ, ಉಲ್ಟಾ ಗುರುತು ತೆಗೆಸಿ, ಎಡಗೈಯಲ್ಲಿ ಮುಂದಕ್ಕೆ ತಳ್ಳಿ ತಳ್ಳಿ ಹಾರಿಸಿದೆ. ಮೊದಲ ವಾರ ವಿಮಾನಗಳು ಉದುರಿದವು. ಅಣ್ಣ ಬೇಸರಪಡದೆ ಪಕ್ಕದಲ್ಲಿ ಕೂತು ‘ತಳ್ಳು, ತಳ್ಳು’ ಎನ್ನುತ್ತಿದ್ದ. ಅಂಗಡಿಗೆ ಬಂದ ಗಿರಾಕಿಗಳು ಒಳಗೆ ಹೆರಿಗೆ ಆಗುತ್ತಿದೆಯೇನೋ ಎಂದು ಇಣುಕಿದ್ದೂ ಉಂಟು. ನಾಲ್ಕನೇ ವಾರದ ಹೊತ್ತಿಗೆ ಕೈ ಪಳಗಿತು. ಪರೀಕ್ಷೆಯಲ್ಲಿ ಹನ್ನೊಂದು ಜನರಲ್ಲಿ ನಾನು ಎರಡನೆಯವಳಾಗಿ ಪಾಸಾದೆ. ಸಿಂಪಲ್ ಮೇಡಂ ಕೈಕುಲುಕಿ, ಹೇಳಿರಲಿಲ್ಲವೇ, ಸಿಂಪಲ್ ಎಂದರು. ನನಗೂ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಮನೆಯವರಿಗೆಲ್ಲ ಸಿಹಿ ಕೊಟ್ಟೆ.

ಮಾನ್ಯರೇ, ಮುಂದಿನದನ್ನು ತಾವು ಸ್ವಲ್ಪ ನಿಧಾನವಾಗಿ ಓದಬೇಕು.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಹತ್ತೂವರೆಗೆ ಕೇಬಲ್ ಎಲ್ಲೋ ಕೆಟ್ಟು ಮೂರೂ ಪರದೆಗಳು ಕಪ್ಪಾದವು. ಮೂರನೇ ಕ್ರೇನಿನಲ್ಲಿ ಒಂದು ಪೆಟ್ಟಿಗೆ ಲಾರಿಯ ಮೇಲೆ ಆಳೆತ್ತರದಲ್ಲಿ ತೂಗುತ್ತಿತ್ತು, ಗಾಳಿಗೆ ಸ್ವಲ್ಪ ಓರೆಯಾಗಿತ್ತು. ಇಂಥ ಹೊತ್ತಿನಲ್ಲಿ ಯಾರಾದರೂ ಮೇಲೆ ಹತ್ತಿ ಹಳೆಯ ಲಿವರುಗಳಿಂದಲೇ ಕೆಲಸ ಮುಗಿಸಬೇಕೆಂಬುದು ನಿಯಮ. ಅದು ನನ್ನ ಕ್ರೇನು, ನಾನೇ ಹತ್ತಿದೆ. ಕುರ್ಚಿಯ ಮೇಲೆ ಧೂಳು ಕೂತಿತ್ತು, ಸೆರಗಿನಿಂದ ಒರೆಸಿ ಕೂತೆ. ಕಾಲ ಕೆಳಗೆ ಸೀಟಿಯಪ್ಪ ಕಾಣಿಸಿದರು. ಲಾರಿಯ ಚಾಲಕ ಚೀಟಿಗೆ ಸಹಿ ಹಾಕಲು ಇಳಿದು ಹೋಗಿದ್ದ. ಪೆಟ್ಟಿಗೆಯ ಓರೆ ಸರಿಮಾಡಲು ಅದನ್ನು ಮೊದಲು ಸ್ವಲ್ಪ ಎತ್ತಬೇಕು. ಸೀಟಿಯಪ್ಪ ಲಾರಿಯ ಮಗ್ಗುಲಿಗೆ ಬಂದು ಬೆರಳು ಮೇಲೆ ಮಾಡಿ ಸನ್ನೆ ಕೊಟ್ಟರು. ಇಪ್ಪತ್ತನಾಲ್ಕು ವರ್ಷದ ಜಾಗ, ಇಪ್ಪತ್ತನಾಲ್ಕು ವರ್ಷದ ಲಿವರ್, ಸರಿಯಾಗಿ ಬಲಗೈಯನ್ನೇ ಅದರ ಮೇಲಿಟ್ಟೆ. ಮುಂದಕ್ಕೆ ತಳ್ಳಿದೆ.

ಪೆಟ್ಟಿಗೆ ಕೆಳಕ್ಕೆ ಹೋಯಿತು.

ಸೀಟಿ ಕೇಳಿಸಿತೋ, ನಾನೇ ಕೈ ಬಿಟ್ಟೆನೋ ಈಗ ಹೇಳಲಾರೆ. ಕೈ ಬಿಟ್ಟರೆ ಕ್ರೇನು ನಿಂತುಬಿಡುತ್ತದೆ, ಅದು ಹಳೆಯ ಕಾಲದವರ ಏರ್ಪಾಟು. ಅಷ್ಟರಲ್ಲಿ ಪೆಟ್ಟಿಗೆಯ ಮೂಲೆ ಲಾರಿಯ ಪಕ್ಕದ ಹಲಗೆಯನ್ನು ಅಪ್ಪಳಿಸಿ ಕಾಗದದಂತೆ ಮಡಿಸಿತ್ತು. ಸೀಟಿಯಪ್ಪ ಎರಡು ಹೆಜ್ಜೆ ಹಿಂದಕ್ಕೆ ಹಾರಿ ಬಿದ್ದಿದ್ದರು. ಮಣಿಕಟ್ಟು ಉಳುಕಿತ್ತು, ಅಂಗೈ ತರಚಿತ್ತು. ಎರಡೇ ಹೆಜ್ಜೆ. ಆ ಇನ್ನೂರ ಹನ್ನೆರಡು ಮೆಟ್ಟಿಲು ನಾನು ಹೇಗೆ ಇಳಿದೆನೋ ತಿಳಿಯದು. ಬೈಯುತ್ತಾರೆಂದು ಎದುರು ನಿಂತೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ಪ್ಯಾಂಟಿನ ಮಣ್ಣು ಕೊಡವಿಕೊಂಡು ನನ್ನ ಮುಖವನ್ನೇ ನೋಡಿ, “ನೀವು ಯಾವತ್ತೂ ಹೀಗೆ ಮಾಡಿದವರಲ್ಲ. ಮೈ ಹುಷಾರಿಲ್ವಾ ಅಕ್ಕ?” ಎಂದರು.

ವಿಚಾರಣೆಗೆ ಮೂವರ ಸಮಿತಿ ಕೂತಿತು. ‘ನಿರ್ವಾಹಕಿಯ ಕೈತಪ್ಪು’ ಎಂದು ವರದಿ ಬಂತು. ಎಡಗೈಯೋ ಬಲಗೈಯೋ, ಹಳೆಯ ಕೈಯೋ ಅವರೇ ಕಲಿಸಿಕೊಟ್ಟ ಹೊಸ ಕೈಯೋ ಎಂಬ ವಿವರ ಅದರಲ್ಲಿರಲಿಲ್ಲ. ಹದಿನೈದು ದಿನ ನನ್ನನ್ನು ಕೆಲಸದಿಂದ ದೂರ ಇಟ್ಟರು. ಮನೆಯಲ್ಲಿ ಕೂತು ನನ್ನ ಎರಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದೆ. ಲಾರಿ ಚಾಲಕ ಇಳಿಯದೇ ಇದ್ದಿದ್ದರೆ, ಸೀಟಿಯಪ್ಪ ಇನ್ನೆರಡು ಹೆಜ್ಜೆ ಮುಂದೆ ನಿಂತಿದ್ದರೆ ಎಂದು ಲೆಕ್ಕ ಹಾಕಬಾರದೆಂದುಕೊಂಡರೂ ಅದೇ ಲೆಕ್ಕ.

ಎಂಟನೇ ದಿನ ಸಿಂಪಲ್ ಮೇಡಂ ಮನೆಗೆ ಬಂದರು. ಆವತ್ತು ಆ ಪದವನ್ನು ಒಂದು ಸಲವೂ ಬಳಸಲಿಲ್ಲ. ನಿಮ್ಮ ಗೂಡನ್ನು ಒಮ್ಮೆ ನೋಡಬೇಕು, ಕಚೇರಿಯ ಅನುಮತಿ ತಂದಿದ್ದೇನೆ, ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದರು. ಕ್ರೇನು ನಡೆಸಲು ಕಲಿಸುವವರು ಅಲ್ಲಿಯವರೆಗೆ ಕ್ರೇನು ಹತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ನೂರನೇ ಮೆಟ್ಟಿಲಲ್ಲಿ ಒಮ್ಮೆ, ನೂರೈವತ್ತರಲ್ಲಿ ಒಮ್ಮೆ ಕೂತು ಏದುಸಿರು ಬಿಟ್ಟು ಮೇಲೆ ಬಂದರು. ಕುರ್ಚಿಯಲ್ಲಿ ಕೂರಿಸಿ, ಕೆಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಖಾಲಿ ಕೊಕ್ಕೆಯನ್ನು ಎತ್ತಲು ಹೇಳಿದೆ. ಅವರು ಲಿವರನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದರು. ಗಾಜಿನ ನೆಲದಾಚೆ ಅದು ಅವರ ಪಾದಗಳತ್ತ ಏರುತ್ತಾ ಬಂತು. ಬಹಳ ಹೊತ್ತು ನೋಡಿ, “ಇಲ್ಲಿ ಕೂತರೆ ಮೇಲೆ ಅನ್ನೋದೇ ಇಲ್ಲ. ಅದು ನಮ್ಮ ಹತ್ರ ಬರುತ್ತೆ, ಇಲ್ಲ ದೂರ ಹೋಗುತ್ತೆ” ಎಂದರು. ನಾನು ಇಪ್ಪತ್ತನಾಲ್ಕು ವರ್ಷ ಮಾಡಿಯೂ ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಇಪ್ಪತ್ತು ನಿಮಿಷದಲ್ಲಿ ಹೇಳಿದರು.

ಇಳಿಯುವಾಗ ಅವರು ಇನ್ನೊಂದು ವಿಷಯ ಹೇಳಿದರು. ಉಲ್ಟಾ ಗುರುತಿನ ವ್ಯವಸ್ಥೆ ಯಂತ್ರದೊಳಗೆ ಮೊದಲಿನಿಂದಲೂ ಇತ್ತಂತೆ. ಆಯ್ಕೆ ಕೊಟ್ಟರೆ ಜನ ಗೊಂದಲಪಟ್ಟು ಪದೇ ಪದೇ ಫೋನು ಮಾಡುತ್ತಾರೆಂದು ಅದನ್ನು ಮರೆಮಾಡಿಡಲು ಕಂಪನಿಯಲ್ಲಿ ತೀರ್ಮಾನಿಸಿದ್ದರಂತೆ. ಆ ತೀರ್ಮಾನದ ಸಭೆಯಲ್ಲಿ ತಾನೂ ಇದ್ದೆ ಎಂದು ನನ್ನ ಕಡೆ ನೋಡದೆ ಹೇಳಿದರು. ಮರುದಿನವೇ ಕುಳಿತು ಎಲ್ಲವನ್ನೂ ಕಾಗದದ ಮೇಲೆ ಬರೆದು ತಮ್ಮ ಸಹಿ ಹಾಕಿ ಕಚೇರಿಗೂ ಕಂಪನಿಗೂ ಕೊಟ್ಟರು. ಅದರಿಂದ ಅವರಿಗೆ ಬಡ್ತಿ ತಪ್ಪಿತೆಂದು ಕೇಳಿದ್ದೇನೆ. ಸಮಿತಿಯವರು ನನ್ನ ವರದಿಯಿಂದ ‘ಕೈತಪ್ಪು’ ಎಂಬ ಪದ ಅಳಿಸಿ ‘ತಾಂತ್ರಿಕ ಸನ್ನಿವೇಶ’ ಎಂದು ಬರೆದರು. ಅದಾದ ಮೇಲೆ ಕಚೇರಿಯವರು ‘ನಿರ್ವಾಹಕ ಸ್ನೇಹಿ ನೂತನ ಸೌಲಭ್ಯ’ ಎಂಬ ಬ್ಯಾನರು ಕಟ್ಟಿ, ಹಿರಿಯ ಅಧಿಕಾರಿಗಳನ್ನು ಕರೆಸಿ, ಪರದೆಯ ಮೇಲಿನ ಉಲ್ಟಾ ಗುರುತನ್ನು ಚಪ್ಪಾಳೆಗಳ ನಡುವೆ ಒತ್ತಿಸಿ ಫೋಟೋ ತೆಗೆಸಿಕೊಂಡರು. ಅಧಿಕಾರಿಗಳು ಒತ್ತಿದ್ದು ಬೇರೆ ಗುಂಡಿ, ಯಾರೂ ಗಮನಿಸಲಿಲ್ಲ.

ಈಗ ನಮ್ಮಲ್ಲಿ ಏಳು ಜನ ಉಲ್ಟಾ, ನಾಲ್ಕು ಜನ ಸುಲ್ಟಾ. ಪಾಳಿ ಬದಲಾದಾಗ ಹಿಂದಿನವರು ಯಾವ ಪಂಥದವರೆಂದು ನೋಡಿಕೊಂಡೇ ಕೂರಬೇಕು. ನಾನು ಉಲ್ಟಾ ಗುರುತು ಹಾಕಿಕೊಂಡಿದ್ದೇನೆ, ಆದರೆ ತಮ್ಮಲ್ಲಿ ಮುಚ್ಚಿಡುವುದೇನು, ಕೈಯ ಮೇಲಿದ್ದ ನಂಬಿಕೆ ವಾಪಸು ಬಂದಿಲ್ಲ. ಮೊದಲು ಕೈ ತಾನಾಗಿಯೇ ಎತ್ತುತ್ತಿತ್ತು, ಈಗ ಪ್ರತಿ ಸಲವೂ ನನ್ನನ್ನು ಕೇಳುತ್ತದೆ. ಹಾಗಾಗಿ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪದ್ಧತಿಯನ್ನು ನಾನೂ ಸೀಟಿಯಪ್ಪನೂ ಮಾಡಿಕೊಂಡಿದ್ದೇವೆ. ಪ್ರತಿ ಪೆಟ್ಟಿಗೆಯನ್ನೂ ಮೊದಲು ಒಂದು ಗೇಣು ಮಾತ್ರ ಎತ್ತಿ ನಿಲ್ಲಿಸುತ್ತೇನೆ. ಅದು ಮೇಲಕ್ಕೇ ಹೋಯಿತೆಂದು ಅವರು ದೂರದಲ್ಲಿ ನಿಂತು ಕಣ್ಣಾರೆ ನೋಡಿದ ಮೇಲೆಯೇ ಲಾರಿಯ ಹತ್ತಿರ ಬರುತ್ತಾರೆ. ಇದರಿಂದ ದಿನಕ್ಕೆ ಹನ್ನೆರಡು ಪೆಟ್ಟಿಗೆ ಕಡಿಮೆಯಾಗುತ್ತಿದೆ ಎಂದು ಕಚೇರಿಯಿಂದ ನೋಟೀಸು ಬಂದಿದೆ. ಬರಲಿ. ಪ್ರತಿ ಬೆಳಿಗ್ಗೆ ಮೊದಲ ಪೆಟ್ಟಿಗೆಗೆ ಮುಂಚೆ ವಾಕಿಟಾಕಿಯಲ್ಲಿ ಸೀಟಿಯಪ್ಪನ ದನಿ ಕೇಳುತ್ತದೆ: “ಅಕ್ಕ, ಇವತ್ತು ಯಾವ ಕೈ?” ನಾನು ಪರದೆಯ ಮೇಲಿನ ಗುರುತನ್ನು ಎರಡು ಸಲ ನೋಡಿ, ಹಳೆಯದೇ ಎನ್ನುತ್ತೇನೆ. ಆದರೂ ಅವರು ಒಂದು ಗೇಣಿನವರೆಗೆ ಕಾಯುತ್ತಾರೆ. ಕಾಯಬೇಕು ಕೂಡ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಎರಡೇ. ಮೇಲೆ ಎಂಬುದು ಯಾವ ಕಡೆ ಇದೆ ಎಂದು ತಾವು ಮೊಟ್ಟಮೊದಲು ತೀರ್ಮಾನಿಸಿದ ದಿನ ಎಲ್ಲಿ ಕೂತಿದ್ದಿರಿ, ಎದುರಿಗೆ ಏನು ನೋಡುತ್ತಿದ್ದಿರಿ ಎಂದು ಒಂದು ಸಾಲಿನಲ್ಲಿ ತಿಳಿಸಬೇಕು. ಹಾಗೆಯೇ ಭೂಮಿಯ ಸೆಳೆತಕ್ಕೂ ಒಂದು ಉಲ್ಟಾ ಗುರುತನ್ನು ಕೂಡಲೇ ಮಂಜೂರು ಮಾಡಿಸಬೇಕು. ನಮ್ಮ ಕೈ ತಪ್ಪಿದ ದಿನ ಪೆಟ್ಟಿಗೆ ತಾನಾಗಿಯೇ ಆಕಾಶಕ್ಕೆ ಬೀಳುವಂತಾದರೆ ವಿಚಾರಣಾ ಸಮಿತಿಗಳ ಶ್ರಮವಾದರೂ ಉಳಿದೀತು.

ಇಂತು, ಎರಡೂ ಕೈ ಜೋಡಿಸಿ (ಜೋಡಿಸುವಾಗ ಮಾತ್ರ ಎರಡಕ್ಕೂ ಜಗಳವಿಲ್ಲ),

ತಮ್ಮ ವಿಶ್ವಾಸಿ,
ಮೂರನೇ ನಂಬರಿನ ಕ್ರೇನಿನವಳು

ಮರೆತ ಮಾತು: ಬರುವ ವರ್ಷ ಈ ಜಾಯ್‌ಸ್ಟಿಕ್ಕನ್ನೂ ತೆಗೆದು, ಗಾಜಿನ ಮೇಲೆ ಬೆರಳು ಸವರಿ ಕ್ರೇನು ನಡೆಸುವ ವ್ಯವಸ್ಥೆ ಬರಲಿದೆಯಂತೆ. ಯಾವ ಕಡೆಗೆ ಸವರಿದರೆ ಪೆಟ್ಟಿಗೆ ಮೇಲೆ ಹೋಗುತ್ತದೆ ಎಂದು ವಿಚಾರಿಸಿದೆ. ಬಳಸುತ್ತಾ ಬಳಸುತ್ತಾ ತಾನಾಗಿಯೇ ಗೊತ್ತಾಗುತ್ತದೆ ಎಂದಿದ್ದಾರೆ. ಹಾಗೆ ಗೊತ್ತಾಗುವವರೆಗೆ ಸೀಟಿಯಪ್ಪನವರಿಗೆ ರಜೆ ಕೊಡಿಸಿ, ಅವರ ಜಾಗದಲ್ಲಿ ನಿಲ್ಲಲು ತಾವು ದಯಮಾಡಿಸಬೇಕೆಂದು ಪ್ರಾರ್ಥನೆ. ಹೆಲ್ಮೆಟ್ಟು ನಾವೇ ಕೊಡುತ್ತೇವೆ.